ಕಾರ್ಪೊರೇಷನ್ ಸಿಗ್ನಲ್ಲು, ಒಂದು ಸೊಗಡವರೆ

ಇವತ್ತು ಸಂಜೆ ಮಾರ್ಕೆಟ್ ಇಂದ ಬಸ್ ಹತ್ತಿದೆ. ಕಾರ್ಪೊರೇಷನ್ ಹತ್ರ ಸಿಗ್ನಲ್ ಮೂರನೇ ಸಲ ಕೆಂಪಾಯ್ತು ನೋಡಿ, ಬಸ್ಸು ಅಲ್ಲೇ. ಅಷ್ಟು ದೂರದಲ್ಲಿ ಹಡ್ಸನ್ ಚರ್ಚಿನ ಕಲ್ಲಿನ ಗೋಪುರ ಕಾಣ್ತಾ ಇದೆ, ನಂಗೆ ಅಲ್ಲೇ ಬೈಬಲ್ ಸ್ಟಡಿ, ಲೇಟು, ನಾನು ನಿಮಿಷಕ್ಕೊಂದ್ಸಲ ಫೋನ್ ತೆಗೆದು ಮ್ಯಾಪ್ ನೋಡೋದು, ಒಳಗಿಡೋದು, ಮತ್ತೆ ತೆಗೆಯೋದು.

ಪಕ್ಕದ ಸೀಟಲ್ಲಿ ಒಬ್ರು ಅಜ್ಜಿ. ಮಡಿಲಲ್ಲಿ ಅವರೆಕಾಯಿ ಸುರ್ಕೊಂಡು ಸುಲೀತಾ ಇದ್ರು. ಸಿಪ್ಪೆ ಒಂದು ಕವರಿಗೆ, ಕಾಳು ಇನ್ನೊಂದಕ್ಕೆ. ಒಂದು ಕಾಯಲ್ಲಿ ಹುಳ ಬಂತು, ಬೈಲಿಲ್ಲ ಏನಿಲ್ಲ, ಹುಳ ಇದ್ದ ಕಾಳು ಮಾತ್ರ ತೆಗ್ದು ಕಿಟಕಿ ಆಚೆ ಹಾಕಿ ಉಳಿದ ಎರಡು ಕಾಳು ಕವರಿಗೆ ಹಾಕ್ಕೊಂಡ್ರು.

"ಎಷ್ಟು ಸಲ ನೋಡಿದ್ರೂ ಬಸ್ಸು ಇಲ್ಲೇ ಇರತ್ತೆ ಕಣಪ್ಪ" ಅಂದ್ರು, ತಲೆ ಎತ್ತದೇನೇ.

ತಮಾಷೆ ಏನಪ್ಪ ಅಂದ್ರೆ ಇವತ್ತಿನ ಪಾಠಾನೇ ಯೇಸುವಿನ ಸಂದೇಶ ಸಾರ್ತಿದ್ದ ಪೌಲ ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಬರೆದ ಪತ್ರದ 4ನೇ ಅಧ್ಯಾಯ. ಇದ್ದ ಸ್ಥಿತಿಲೇ ತೃಪ್ತಿಯಾಗಿರೋದನ್ನ ಕಲ್ತಿದೀನಿ ಅಂತಾನೆ, ಅದೂ ಬೇಡಿ ಹಾಕಿಸ್ಕೊಂಡು ಸೆರೆಲಿ ಕೂತು. 'ಕಲ್ತಿದೀನಿ' ಅನ್ನೋ ಮಾತು ಎಷ್ಟೋ ಸಲ ಓದಿದ್ರೂ ಗಮನಿಸಿರ್ಲಿಲ್ಲ. ಅಂದ್ರೆ ಅವನಿಗೂ ಹುಟ್ತಾನೇ ಬಂದಿದ್ದಲ್ಲ! ನಾನು ಮಾತ್ರ ಭಾನುವಾರ ಒಂದು ಪ್ರಾರ್ಥನೆ ಮಾಡಿ ಸೋಮವಾರಕ್ಕೇ ತಾಳ್ಮೆ ಬಂದಿರ್ಬೇಕು ಅಂತ ಕಾಯ್ತೀನಿ, ಅದಕ್ಕೂ ಅವಸರ.

ಫೋನ್ ಜೇಬಿಗೆ ಹಾಕಿ "ಕೊಡಿ ಅಜ್ಜಿ, ನಾನೂ ಸ್ವಲ್ಪ ಸುಲೀತೀನಿ" ಅಂದೆ. ಒಂದು ಬೊಗಸೆ ಕೊಟ್ರು.

ಇಪ್ಪತ್ತು ನಿಮಿಷ ಲೇಟಾಗಿ ಹೋದೆ. ಸ್ಟಡಿ ಪೂರ್ತಿ ಬೆರಳಲ್ಲಿ ಸೊಗಡು ವಾಸನೆ.