ಮನೆಯೇ ಹೆದರಿಸುವ ಬೀದಿ

ಹ್ಯಾಲೋವೀನ್ ಅಂದರೆ ಅಕ್ಟೋಬರ್ 31ರ ದೆವ್ವದ ಹಬ್ಬ: ಮನೆಗಳಿಗೆ ಹೆದರಿಸುವ ಅಲಂಕಾರ, ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ಲಾಸ್ ಏಂಜಲೀಸ್‌ನಲ್ಲಿ ಈ ಅಲಂಕಾರ ನೋಡೋಕೆ ಎಲ್ಲಿಗೆ ಹೋಗಬೇಕು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಬೀದಿ ಹೇಳುತ್ತಾರೆ. ನನ್ನ ವೋಟು ಕ್ಯಾರಲ್ ಅವೆನ್ಯೂಗೆ. ಡೌನ್‌ಟೌನ್ ಪಕ್ಕದ ಗುಡ್ಡದ ಮೇಲೆ, ಏಂಜಲೀನೊ ಹೈಟ್ಸ್‌ನಲ್ಲಿದೆ. ಈ ಸಲ ಮಗಳೂ ಜೊತೆಗಿದ್ದಳು, ಜೇಡದ ವೇಷದಲ್ಲಿ. ಅವಳ ಕೈಕಾಲು ಸೇರಿ ಎಂಟಾಗಲಿ ಅಂತ ಕಪ್ಪು ಸಾಕ್ಸಿಗೆ ಹತ್ತಿ ತುಂಬಿ ನಾಲ್ಕು ಕಾಲು ಹೊಲಿದು ಕೊಟ್ಟಿದ್ದಳು ಅವಳಮ್ಮ. ಗುಡ್ಡ ಹತ್ತುವಾಗಲೇ ಒಂದು ಕಿತ್ತು ಬಂತು. ಏಳು ಕಾಲಿನ ಜೇಡ ಕಂಡ್ರೆ ಜನ ಇನ್ನೂ ಜಾಸ್ತಿ ಹೆದರುತ್ತಾರೆ ಅಂದೆ. ನಂಬಿದಳು.

ನಾವಿರುವ ಕಡೆ ಈಗ ಎಲ್ಲಿ ನೋಡಿದರೂ ಹೋಮ್ ಡಿಪೊ ಅನ್ನುವ ಮನೆಸಾಮಾನಿನ ಅಂಗಡಿಯ ಹನ್ನೆರಡು ಅಡಿ ಅಸ್ಥಿಪಂಜರ. 2020ರಲ್ಲಿ ಅದು ಬಂದಾಗ ಬೆಲೆ 299 ಡಾಲರ್, ಆದರೂ ಕ್ಷಣದಲ್ಲಿ ಖಾಲಿ. ಮೊದಲ ಸಲ ನೋಡಿದಾಗ ನಾನೂ ಬಾಯಿ ಬಿಟ್ಟಿದ್ದೆ. ಈಗ ಪಕ್ಕದ ಮನೆಯದ್ದಕ್ಕೆ ಕೈಬೀಸಿ ಮುಂದೆ ಹೋಗುತ್ತೇನೆ. ಇನ್ನು ಗಾಳಿ ತುಂಬುವ ಬೊಂಬೆಗಳು! ಹಗಲು ಬ್ಲೋವರ್ ಆಫ್ ಮಾಡಿದರೆ ಡ್ರಾಕುಲಾ ಹುಲ್ಲಿನ ಮೇಲೆ ಒಗೆಯಲು ಹಾಕಿದ ಬಟ್ಟೆಯಂತೆ ಬಿದ್ದಿರುತ್ತಾನೆ.

ಕ್ಯಾರಲ್ ಅವೆನ್ಯೂದವರಿಗೆ ಇಷ್ಟೆಲ್ಲ ಬೇಕಾಗಿಲ್ಲ. ಅಲ್ಲಿ ಸಾಲಾಗಿ ನಿಂತಿರುವುದು 1880ರ ದಶಕದ ವಿಕ್ಟೋರಿಯನ್ ಮರದ ಮನೆಗಳು. ಚೂಪು ಗೋಪುರ, ಕಿರಿದಾದ ಉದ್ದ ಕಿಟಕಿ, ಕೆತ್ತನೆ ತುಂಬಿದ ಜಗಲಿ. ಕಿಟಕಿಯಲ್ಲಿ ಒಂದು ದೀಪ ಇಟ್ಟರೆ ಸಾಕು, ಕೆಲಸ ಮುಗಿಯಿತು.

ದೆವ್ವದ ಮನೆ ಅಂದರೆ ಇಂಥ ಮನೆಯೇ ಯಾಕೆ ಕಣ್ಣಮುಂದೆ ಬರುತ್ತದೆ? ಕಟ್ಟಿಸಿದಾಗ ಇವು ಶ್ರೀಮಂತರ ಶೋಕಿ. 1886ರಲ್ಲಿ ಶುರುವಾದ ಟೆಂಪಲ್ ಸ್ಟ್ರೀಟ್ ಕೇಬಲ್ ಕಾರಿನಲ್ಲಿ (ಹಳಿ ಮೇಲೆ ಕೇಬಲ್ ಎಳೆಯುವ ಟ್ರಾಮ್) ಊರೊಳಗೆ ಹೋಗಿ ಬರಬಹುದಿತ್ತು. ಆಮೇಲೆ ದುಡ್ಡಿದ್ದವರು ಪಶ್ಚಿಮದ ಕಡೆ ಹೊರಟರು. ದೊಡ್ಡ ಮನೆಗಳು ಬಾಡಿಗೆ ಕೋಣೆಗಳಾದವು, ಬಣ್ಣ ಉದುರಿತು. ಅಮೆರಿಕದ ಎಷ್ಟೋ ಊರುಗಳಲ್ಲಿ ಇದೇ ಕಥೆ. ಪಾಳುಬಿದ್ದ ಗೋಪುರ ನೋಡುತ್ತಾ ಬೆಳೆದ ಮಕ್ಕಳ ತಲೆಯಲ್ಲಿ ದೆವ್ವ ಅಲ್ಲೇ ಮನೆ ಮಾಡಿತು ಅಂತ ನನ್ನ ಲೆಕ್ಕ. 1983ರಲ್ಲಿ ನಗರದವರು ಈ ಬಡಾವಣೆಯನ್ನು ಸಂರಕ್ಷಿತ ವಲಯ ಮಾಡಿದರು, ಊರಿನಲ್ಲೇ ಮೊದಲನೆಯದು. ಅದೇ ವರ್ಷ ಮೈಕೆಲ್ ಜಾಕ್ಸನ್‌ನ 'ಥ್ರಿಲ್ಲರ್' ವಿಡಿಯೊದಲ್ಲಿ ಇಲ್ಲಿನ ಒಂದು ಮನೆ ಕಾಣಿಸಿಕೊಂಡಿತು. ಅದರ ಮುಂದೆ ಫೋಟೊ ಗಲಾಟೆ ವಿಪರೀತ. ನಾವು ದಾಟಿಕೊಂಡು ಹೋದೆವು.

ನನಗೆ ಹಿಡಿಸಿದ್ದು ಅದರಾಚೆ ಒಂದು ಅಂಗಳ. ಅಲ್ಲಿ ಹೊಗೆ ಮೇಲೇರದೆ ಮೆಟ್ಟಿಲ ಮೇಲಿಂದ ಹರಿದು ನಮ್ಮ ಪಾದ ಮುಚ್ಚುತ್ತಿತ್ತು. ಬಗ್ಗಿ ನೋಡಿದರೆ ಪೊದೆಯ ಹಿಂದೆ ಒಂದು ಪ್ಲಾಸ್ಟಿಕ್ ಐಸ್ ಡಬ್ಬ. ಒಂದು ಕಡೆ ತೂತು ಕೊರೆದು ಹೊಗೆ ಯಂತ್ರದ ಬಾಯಿ ಇಟ್ಟಿದ್ದಾರೆ, ಇನ್ನೊಂದು ಕಡೆ ಪೈಪು. "ಐಸ್ ಇಲ್ಲದಿದ್ರೆ ಸೀದಾ ಮೇಲಕ್ಕೆ ಹೋಗಿಬಿಡುತ್ತೆ. ತಣ್ಣಗಾದ್ರೆ ಭಾರ ಆಗುತ್ತೆ, ನೆಲ ಬಿಡಲ್ಲ," ಅಂದರು ಮನೆಯಾತ, ಇನ್ನೊಂದು ಚೀಲ ಐಸ್ ಸುರಿಯುತ್ತಾ. ಮಾಂತ್ರಿಕನ ಟೋಪಿ, ಕೈಯಲ್ಲಿ ತೋಟದ ಗ್ಲೌಸ್! ಗಾಳಿ ಬಂದರೆ ಮಾತ್ರ ಎಲ್ಲ ಹಾಳಂತೆ. ಮಗಳು ಹೊಗೆಯೊಳಗೆ ಕೂತುಬಿಟ್ಟಳು. ಎಬ್ಬಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಒಂದು ಮನೆ ಮುಂದೆ ಹಸಿರುಮಿಶ್ರಿತ ನೀಲಿ ಬಣ್ಣದ ಕುಂಬಳಕಾಯಿ ಇತ್ತು. ಅಂದರೆ ಅಲರ್ಜಿ ಇರುವ ಮಕ್ಕಳಿಗೆ ಅಲ್ಲಿ ತಿಂಡಿಯ ಬದಲು ಆಟಿಕೆ ಸಿಗುತ್ತದೆ. ನಮ್ಮವಳಿಗೆ ಯಾವ ಅಲರ್ಜಿಯೂ ಇಲ್ಲ. ಆದರೂ ಚಾಕಲೇಟ್ ಬಿಟ್ಟು ರಬ್ಬರ್ ಬಾವಲಿ ಆರಿಸಿಕೊಂಡಳು.

ಹೋಗುವವರು ಬೆಳಕಿರುವಾಗಲೇ ಹೋಗಿ. ಚಳಿಗಾಲಕ್ಕೆ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುವುದು ನವೆಂಬರ್‌ನಲ್ಲಾದ್ದರಿಂದ ಹ್ಯಾಲೋವೀನ್ ದಿನ ಸುಮಾರು ಆರು ಗಂಟೆಗೆ ಸೂರ್ಯ ಮುಳುಗುತ್ತಾನೆ. ಅದಕ್ಕೂ ಮುಂಚೆ ಕೆತ್ತನೆ ಚೆನ್ನಾಗಿ ಕಾಣುತ್ತದೆ. ಕಾರು ದೂರ ನಿಲ್ಲಿಸಿ ನಡೆದು ಬನ್ನಿ. ಒಂದು ಚೀಲ ಕ್ಯಾಂಡಿ ಒಯ್ದು ಯಾವುದಾದರೂ ಮನೆಯವರಿಗೆ ಕೊಡಿ. ನಾವು ಕೊಟ್ಟ ಮನೆಯಲ್ಲಿ ಬುಟ್ಟಿ ಆಗಲೇ ತಳ ಕಂಡಿತ್ತು, ಸಾಲು ಮಾತ್ರ ಗೇಟಿನಾಚೆಗೂ ಇತ್ತು.