ನಿಂತ ಗಾಡಿ ಹಾಳಾಗುವುದು ಕೆಳಗಿನಿಂದ

ತಿಂಗಳುಗಟ್ಟಲೆ ಗಾಡಿಯನ್ನು ಬಯಲಲ್ಲೇ ಬಿಡಬೇಕು ಅಂದಾಗ ಎಲ್ಲರೂ ಮೊದಲು ಹುಡುಕುವುದು ಟಾರ್ಪಾಲನ್ನು. ಮೇಲೆ ಮುಚ್ಚಿದರೆ ಮುಗೀತು ಅಂತ. ಆದರೆ ಚಾಸಿಗೂ (ಗಾಡಿಯ ಭಾರ ಹೊರುವ ಅಡಿಯ ಕಬ್ಬಿಣದ ಚೌಕಟ್ಟು) ಟೈರಿಗೂ ಜಾಸ್ತಿ ಪೆಟ್ಟು ಬೀಳುವುದು ಕೆಳಗಡೆ. ಹುಲ್ಲು, ಹಸಿ ಮಣ್ಣು ತೇವ ಬಿಡುತ್ತಲೇ ಇರುತ್ತವೆ, ನೆಲದವರೆಗೂ ಬಿಗಿದು ಕಟ್ಟಿದ ಟಾರ್ಪಾಲು ಅದನ್ನು ಒಳಗೇ ಹಿಡಿದಿಡುತ್ತದೆ, ರಾತ್ರಿ ತಣ್ಣಗಾದ ಕಬ್ಬಿಣದ ಮೇಲೆ ಅದೇ ನೀರಾಗಿ ಕೂರುತ್ತದೆ. ಕಾಂಕ್ರೀಟ್ ನೆಲ ಸಿಕ್ಕರೆ ಅಲ್ಲೇ ನಿಲ್ಲಿಸಿ. ಕವರ್ ಗಾಳಿಯಾಡುವಂಥದ್ದಿರಲಿ.

ನಿಲ್ಲಿಸುವ ಮುಂಚೆ ಅಡಿಭಾಗ ತೊಳೆಯಿರಿ. ಮೂಲೆಗಳಲ್ಲಿ ಅಂಟಿಕೊಂಡ ಕೆಸರು ನೀರು ಕುಡಿದು ಸುಲಭಕ್ಕೆ ಒಣಗುವುದಿಲ್ಲ. ಎಷ್ಟೋ ಚಾಸಿಗಳ ಉದ್ದದ ಪಟ್ಟಿಗಳು ಒಳಗೆ ಟೊಳ್ಳು, ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಮಣ್ಣು ಕಟ್ಟಿದ್ದರೆ ತಂತಿ ಹಾಕಿ ಬಿಡಿಸಿ. ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ, ಯಾಕೆಂದರೆ ಅಲ್ಲಿ ತುಕ್ಕು ಒಳಗಿನಿಂದ ತಿನ್ನುತ್ತದೆ, ಹೊರಗೆ ಬಣ್ಣ ಉಬ್ಬಿದ್ದು ಕಾಣುವ ಹೊತ್ತಿಗೆ ಲೋಹ ತೆಳ್ಳಗಾಗಿರುತ್ತದೆ. ಪೂರ್ತಿ ಒಣಗಿದ ಮೇಲೆ ಉದ್ದ ನಳಿಕೆ ತೂರಿಸಿ ಒಳಗೆ ಮೇಣದ ಸ್ಪ್ರೇ ಹೊಡೆಯಿರಿ. ತೂತು ಮುಚ್ಚಬಾರದು, ಬ್ರೇಕಿಗೂ ಸೈಲೆನ್ಸರಿಗೂ ತಾಗಬಾರದು.

ಇನ್ನು ಟೈರ್. ಓಡಿಸದಿದ್ದರೆ ಸವೆಯಲ್ಲ, ಹಾಗಾಗಿ ಚೆನ್ನಾಗಿರುತ್ತದೆ ಅಂದುಕೊಳ್ತೀವಿ ಅಲ್ವಾ? ಗಾಳಿಯಲ್ಲಿರುವ ಓಜೋನ್ ಅನಿಲ ರಬ್ಬರನ್ನು ಬಿರುಕು ಬಿಡಿಸುತ್ತದೆ, ಅದನ್ನು ತಡೆಯಲು ರಬ್ಬರಿನಲ್ಲಿ ಮೇಣ ಬೆರೆಸಿರುತ್ತಾರೆ. ಗಾಡಿ ಓಡುವಾಗ ಟೈರ್ ಬಳುಕುತ್ತಾ ಆ ಮೇಣ ಮೇಲಕ್ಕೆ ಬಂದು ತೆಳು ಪದರವಾಗುತ್ತದೆ. ನಿಂತ ಟೈರಿಗೆ ಆ ಬಳುಕು ಇಲ್ಲ. ಬಿಸಿಲೂ ಸೇರಿದರೆ ಟೈರಿನ ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಶುರು. ಅದಕ್ಕೇ ಚಕ್ರಗಳಿಗೆ ಬೇರೆ ಕವರ್ ಹಾಕಿ. ಹೊಳಪಿಗೆ ಅಂತ ಪೆಟ್ರೋಲಿಯಂ ಎಣ್ಣೆಯಿರುವ ಪಾಲಿಶ್ ಸುಮ್ನೆ ಬಳಿಯಬೇಡಿ, ಸೋಪಿನ ನೀರು ಸಾಕು.

ಭಾರ ಒಂದೇ ಜಾಗದಲ್ಲಿ ಕೂತರೆ ಟೈರ್ ಅಲ್ಲೇ ಚಪ್ಪಟೆಯಾಗುತ್ತದೆ. ಕಂಪನಿ ಹೇಳಿದ ಜಾಗಕ್ಕೇ ಜಾಕ್ ಸ್ಟ್ಯಾಂಡ್ ಕೊಟ್ಟು ಎತ್ತಿದರೆ ಒಳ್ಳೆಯದು, ಮಣ್ಣಿನ ನೆಲದಲ್ಲಿ ಬೇಡ, ಹೂತುಹೋಗುತ್ತದೆ. ಎತ್ತಲಾಗದಿದ್ದರೆ ಟೈರಿನ ಮೇಲೆ ಬರೆದ ಗರಿಷ್ಠ ಮಟ್ಟ ಮೀರದಂತೆ ಗಾಳಿ ಜಾಸ್ತಿ ಹಾಕಿ, ಟೈರಿಗಿಂತ ಅಗಲದ ಹಲಗೆ ಮೇಲೆ ನಿಲ್ಲಿಸಿ, ಆಗಾಗ ಸ್ವಲ್ಪ ಮುಂದಕ್ಕೆ ಉರುಳಿಸಿ. ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ಹಿಡಿದುಕೊಂಡುಬಿಡಬಹುದು, ಬದಲು ಚಕ್ರಕ್ಕೆ ಗಟ್ಟಿಯಾಗಿ ಅಡ್ಡ ಕೊಡಿ.

ಮತ್ತೆ ರಸ್ತೆಗೆ ಇಳಿಸುವಾಗ ಗಾಳಿಯನ್ನು ಕಂಪನಿ ಹೇಳಿದ ಮಟ್ಟಕ್ಕೆ ತನ್ನಿ. ಟೈರಿನ ಮೇಲಿನ ನಾಲ್ಕಂಕಿ ತಾರೀಕನ್ನೂ ನೋಡಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಬಿರುಕಿಗೆ ಉಗುರು ಸಿಕ್ಕಿಕೊಳ್ಳುವಂತಿದ್ದರೆ ಆ ಟೈರಿನಲ್ಲಿ ಹೆದ್ದಾರಿಗೆ ಹೋಗಬೇಡಿ.