ಸ್ತರಭಂಗದ ಜಾರುವೇಗ: ವಯಸ್ಸಿನ ಲೆಕ್ಕ ತಲುಪಿರುವ ಹಂತ

ಸ್ತರಭಂಗವೊಂದು, ಅಂದರೆ ಎರಡೂ ಬದಿಯ ನೆಲ ಜಾರುವ ಶಿಲೆಯ ಬಿರುಕೊಂದು, ವರ್ಷಕ್ಕೆ ಸರಾಸರಿ ಎಷ್ಟು ಮಿಲಿಮೀಟರ್ ಜಾರುತ್ತದೆ ಎಂಬುದನ್ನು ಶಿಲೆಗಳ ವಯಸ್ಸಿನಿಂದ ಲೆಕ್ಕಹಾಕುವ ಪುಟ್ಟ ತಂತ್ರಾಂಶವೊಂದನ್ನು ಬಿಡುವಿನ ವೇಳೆಯಲ್ಲಿ ಬರೆಯುತ್ತಿದ್ದೇನೆ. ಸರಿದ ದೂರವನ್ನು ಕಾಲದಿಂದ ಭಾಗಿಸುವ ಮೂಲ ಸೂತ್ರ ಸರಳವಾದದ್ದು. ಮೊದಲ ಪರೀಕ್ಷೆಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಮೇಲಿರುವ ವ್ಯಾಲೇಸ್ ಕ್ರೀಕ್ ತೊರೆಯನ್ನು ಆರಿಸಿಕೊಂಡೆ. ಸುಮಾರು 3,700 ವರ್ಷಗಳಲ್ಲಿ ಅದರ ಪಾತ್ರ 128 ಮೀಟರ್ ಪಕ್ಕಕ್ಕೆ ಸರಿದಿದೆಯೆಂದು ಕೆರ್ರಿ ಸೀ ಮತ್ತು ರಿಚರ್ಡ್ ಜಾನ್ಸ್ 1984ರಲ್ಲಿ ರೇಡಿಯೊಕಾರ್ಬನ್ ಕಾಲನಿರ್ಣಯದ ಆಧಾರದಿಂದ ತೋರಿಸಿದ್ದರು. ಅವರು ಕಂಡುಕೊಂಡ ಸುಮಾರು 34 ಮಿ.ಮೀ. ವೇಗಕ್ಕೆ ನನ್ನ ಉತ್ತರವೂ ಹತ್ತಿರವಾಗಿದೆ.

ಈಗ ಕೈಯಲ್ಲಿರುವುದು ಬೆರಿಲಿಯಂ-10ರ ಭಾಗ: ಕಲ್ಲಿನಲ್ಲಿ ಕೂಡಿರುವ ಇದರ ಪರಮಾಣುಗಳನ್ನು ಎಣಿಸಿದರೆ ಆ ಕಲ್ಲು ಎಷ್ಟು ಕಾಲದಿಂದ ನೆಲದ ಮೇಲೆ ತೆರೆದುಕೊಂಡಿದೆ ಎಂಬುದು ಸಿಗುತ್ತದೆ. ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ನ್ಯೂಟ್ರಾನುಗಳು ನೆಲದ ಮೇಲಿನ ಕ್ವಾರ್ಟ್ಜ್‌ನ ಆಮ್ಲಜನಕ ಪರಮಾಣುಗಳನ್ನು ಒಡೆದಾಗ ಈ ಐಸೊಟೋಪ್ ಉಂಟಾಗುತ್ತದೆ. ಧ್ರುವಗಳತ್ತಣ ಅಕ್ಷಾಂಶಗಳಲ್ಲಿ, ಸಮುದ್ರಮಟ್ಟದಲ್ಲಿ, ಒಂದು ಗ್ರಾಂ ಕ್ವಾರ್ಟ್ಜ್‌ನಲ್ಲಿ ವರ್ಷಕ್ಕೆ ಸುಮಾರು 4 ಪರಮಾಣುಗಳಷ್ಟೇ ಹುಟ್ಟುತ್ತವೆ. ಇದರ ಅರ್ಧಾಯು ಸುಮಾರು 13.9 ಲಕ್ಷ ವರ್ಷಗಳಾದ್ದರಿಂದ ಹತ್ತಾರು ಸಾವಿರ ವರ್ಷಗಳ ಲೆಕ್ಕದಲ್ಲಿ ಕ್ಷಯದ ಪ್ರಭಾವ ಅತ್ಯಲ್ಪ.

ನಿಜವಾದ ತೊಡಕಿರುವುದು ಕಲ್ಲಿನ ಪೂರ್ವಚರಿತ್ರೆಯಲ್ಲಿ. ನದಿ ತಂದು ಹಾಸಿದ ಜಲ್ಲಿಯ ದಿಣ್ಣೆಯೊಂದು ಸ್ತರಭಂಗದಿಂದ 40 ಮೀಟರ್ ಸರಿದಿದೆ, ಅದರ ಮೇಲ್ಮೈ ಕಲ್ಲುಗಳಲ್ಲಿ ಗ್ರಾಂಗೆ 56,000 ಪರಮಾಣುಗಳಿವೆ ಎಂದು ಅಭ್ಯಾಸಕ್ಕಾಗಿ ಊಹಿಸಿಕೊಂಡೆ. ವರ್ಷಕ್ಕೆ 4 ಪರಮಾಣುಗಳೆಂದು ಹಿಡಿದರೆ ದಿಣ್ಣೆಯ ವಯಸ್ಸು 14,000 ವರ್ಷ, ಜಾರುವೇಗ 2.9 ಮಿ.ಮೀ. ಆದರೆ ಆ ಪೈಕಿ 16,000 ಪರಮಾಣುಗಳು ಕಲ್ಲು ಇಲ್ಲಿಗೆ ಬಂದು ನೆಲೆಸುವ ಮೊದಲೇ, ಬೆಟ್ಟದ ಇಳಿಜಾರಿನಲ್ಲಿದ್ದಾಗಲೇ, ಕೂಡಿಕೊಂಡಿದ್ದರೆ ವಯಸ್ಸು 10,000 ವರ್ಷಕ್ಕೆ ಇಳಿದು ವೇಗ 4 ಮಿ.ಮೀ.ಗೆ ಏರುತ್ತದೆ. ಈ ಪೂರ್ವಸಂಚಯವನ್ನು ಅಳೆಯಲು ದಿಣ್ಣೆಯಲ್ಲಿ ಗುಂಡಿ ತೋಡಿ, ಸುಮಾರು ಎರಡು ಮೀಟರ್ ಆಳದವರೆಗೂ ಮಾದರಿಗಳನ್ನು ತೆಗೆಯುತ್ತಾರೆ. ಅಷ್ಟು ಆಳದಲ್ಲಿ ಹೊಸ ಉತ್ಪತ್ತಿ ಮೇಲ್ಮೈಯ ಹತ್ತನೇ ಒಂದು ಭಾಗದಷ್ಟೂ ಇರುವುದಿಲ್ಲವಾದ್ದರಿಂದ ಉಳಿದು ಕಾಣುವುದು ಬಹುಮಟ್ಟಿಗೆ ಹಳೆಯ ಸಂಚಯವೇ. ಮೇಲ್ಮೈಯ ಒಂದೇ ಕಲ್ಲನ್ನು ನಂಬಿ ಹೇಳಿದ ವೇಗ ನನಗಂತೂ ಅರೆಬರೆ ಎನಿಸುತ್ತದೆ. ಸವಕಳಿಯ ಪರಿಣಾಮ ಇದಕ್ಕೆ ತದ್ವಿರುದ್ಧ: ಮೇಲ್ಮೈ ಸವೆದಾಗ ಕೂಡಿದ್ದ ಪರಮಾಣುಗಳೂ ಹೋಗುವುದರಿಂದ, ಅದನ್ನು ಲೆಕ್ಕಿಸದಿದ್ದರೆ ದಿಣ್ಣೆ ಇರುವುದಕ್ಕಿಂತ ಕಿರಿಯದಾಗಿ ಕಾಣುತ್ತದೆ.

ಅನಿಶ್ಚಿತತೆಗೆ ಮಾಂಟೆ ಕಾರ್ಲೊ ವಿಧಾನವನ್ನು, ಅಂದರೆ ಯಾದೃಚ್ಛಿಕ ಬೆಲೆಗಳಿಂದ ಲೆಕ್ಕವನ್ನು ಹಲವು ಬಾರಿ ಮಾಡಿ ಉತ್ತರದ ಹರಹು ನೋಡುವ ಕ್ರಮವನ್ನು, ಅಳವಡಿಸಿದ್ದೇನೆ. ವಯಸ್ಸು 10,000 ವರ್ಷ, ಆಚೀಚೆ 2,000 ಎಂದಾದರೆ ವೇಗ 3.3ರಿಂದ 5 ಮಿ.ಮೀ.ವರೆಗೆ ಹರಡುತ್ತದೆ, ಅಂದರೆ 4ರ ಎರಡೂ ಬದಿಗೆ ಸಮನಾಗಿ ಹರಡುವುದಿಲ್ಲ. ಆದ್ದರಿಂದ ತಂತ್ರಾಂಶ ಒಂಟಿ ಸಂಖ್ಯೆಯ ಬದಲು ವ್ಯಾಪ್ತಿಯನ್ನೇ ಮುದ್ರಿಸುತ್ತದೆ.

ಮೆಟ್ಟಿಲಿನಂತೆ ಮೇಲೆ-ಕೆಳಗೆ ಇರುವ ಎರಡು ದಿಣ್ಣೆಗಳ ನಡುವಿನ ಏರು (ಕಡಿದಾದ ಇಳಿಜಾರು) ಸರಿದಿರುವಾಗ ಯಾವ ದಿಣ್ಣೆಯ ವಯಸ್ಸನ್ನು ಬಳಸಬೇಕೆಂಬುದು ಮುಂದಿನ ಕೆಲಸ. ನದಿ ಆ ಏರನ್ನು ಕೊರೆಯುತ್ತಲೇ ಇದ್ದಷ್ಟು ಕಾಲ ಸರಿದ ಗುರುತು ಅಳಿಸಿಹೋಗಿರಬಹುದಾದ್ದರಿಂದ, ಮೇಲಿನ ದಿಣ್ಣೆಯ ವಯಸ್ಸಿನಿಂದ ಕನಿಷ್ಠ ವೇಗವನ್ನೂ ಕೆಳಗಿನದರಿಂದ ಗರಿಷ್ಠ ವೇಗವನ್ನೂ ಪಡೆಯುವಂತೆ ಈ ಭಾಗವನ್ನು ಬರೆಯಲಿದ್ದೇನೆ.